ರಸ್ತೆ ಇರಲಿ, ಅಗಲ ಬೇಡ: ಅಭಯಾರಣ್ಯದೊಳಗಿನ ಹತ್ತು ಮೀಟರ್ ವಿರುದ್ಧ ನಾವು ಓಡಾಡಿದ್ದು

ಮೊದಲೇ ಹೇಳ್ಬಿಡ್ತೀನಿ, ನಾವು ರಸ್ತೆನೇ ಬೇಡ ಅಂದೋರಲ್ಲ. ಆ ರಸ್ತೆ ಅಜ್ಜಂದಿರ ಕಾಲದಿಂದ ಇದೆ, ಬಸ್ಸು ಹೋಗತ್ತೆ, ಹಾಲಿನ ವ್ಯಾನ್ ಬರತ್ತೆ, ಅಡಿಕೆ ಲೋಡ್ ಹೋಗತ್ತೆ, ನಾವೂ ಅದೇ ಬಸ್ಸಲ್ಲಿ ನಿಂತ್ಕೊಂಡು ಶಾಲೆ ಕಾಲೇಜಿಗೆ ಹೋದೋರು. ನಮ್ಮ ತಕರಾರು ಏನಿದ್ರೂ ಅಗಲದ ಬಗ್ಗೆ. ಈಗ ಇರೋ ಟಾರ್ 5.5 ಮೀಟರ್, ಪ್ರಸ್ತಾವನೇಲಿ ಇರೋದು 10 ಮೀಟರ್, ಮಧ್ಯದಲ್ಲಿ ಇರೋದು ಸಿಂಗಳೀಕ ಅನ್ನೋ ಅಪರೂಪದ ಕೋತಿ ಓಡಾಡೋ ನಿತ್ಯಹರಿದ್ವರ್ಣ ಕಾಡು, ಅದೂ ಘೋಷಿತ ಅಭಯಾರಣ್ಯ. ಊರಿನ ಹೆಸರು, ರಸ್ತೆ ನಂಬರು ಎರಡೂ ಬರೀತಿಲ್ಲ, ಫೈಲ್ ಇನ್ನೂ ಮೇಜಿಂದ ಮೇಜಿಗೆ ಹೋಗ್ತಾ ಇದೆ, ಮತ್ತೆ ಯಾವುದೋ ಒಂದು ಆಫೀಸಿನ ಮೇಲೆ ಬೊಟ್ಟು ಮಾಡೋಕೆ ಇದನ್ನ ಬರೀತಾನೂ ಇಲ್ಲ. ಬೇರೆ ಕಡೆ ಇಂಥದ್ದೇ ಶುರುವಾದ್ರೆ ಯಾವ ಬಾಗಿಲು ತಟ್ಟಬೇಕು, ಏನು ಕೇಳಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದೀನಿ.

ವಿಷಯ ನಮಗೆ ಗೊತ್ತಾಗಿದ್ದು ಮರಗಳಿಂದ. ಘಾಟಿಯ ಒಂದು ಬದಿ ಮರಗಳ ತೊಗಟೆ ಕೆತ್ತಿ ನಂಬರ್ ಹಾಕಿದ್ರು. ಹೆಬ್ಬಲಸು, ಬಗಿನೆ, ರಾಳಧೂಪ, ಎಲ್ಲದಕ್ಕೂ. ಕೇಳಿದ್ರೆ "ಏನಿಲ್ಲ, ರಸ್ತೆ ಸುಧಾರಣೆ" ಅಂದ್ರು. ಪಂಚಾಯಿತಿಲಿ ಕೇಳಿದ್ರೂ ಅದೇ ಮಾತು, ಬಸ್ ಸ್ಟ್ಯಾಂಡಲ್ಲಿ ಕೇಳಿದ್ರೂ ಅದೇ. ಸುಧಾರಣೆ ಅಂದ್ರೆ ಗುಂಡಿ ಮುಚ್ಚಿ ಡಾಂಬರು ಹಾಕ್ತಾರೆ ಅಂತ ಜನ ಅಂದ್ಕೊಂಡಿದ್ರು, ಅದಕ್ಕೆ ಮರಕ್ಕೆ ನಂಬರ್ ಯಾಕೆ ಬೇಕು ಅಂತ ಒಬ್ಬ ಹಳೇ ಫಾರೆಸ್ಟ್ ವಾಚರ್ ಅಣ್ಣ ಮಾತ್ರ ಕೇಳಿದ್ದು. ಅವರು ಆ ಕಾಡಲ್ಲಿ ವಯಸ್ಸು ಕಳೆದೋರು, ಕಾಗದ ಓದೋರಲ್ಲ, ಆದ್ರೆ ನಂಬರ್ ಹಾಕಿದ ಮರ ರಸ್ತೆಯಿಂದ ಎಷ್ಟು ದೂರ ಇದೆ ಅಂತ ಹೆಜ್ಜೆ ಹಾಕಿ ನೋಡಿ "ಇದು ಡಾಂಬರಿನ ಕೆಲಸ ಅಲ್ಲ ಮಾರಾಯ್ರೆ" ಅಂದ್ರು.

ಅಲ್ಲಿಂದ ಕಾಗದದ ಬೆನ್ನು ಹತ್ತಿದ್ವಿ. ಅರಣ್ಯ, ವನ್ಯಜೀವಿ, ಪರಿಸರ ಅನುಮತಿ ಕೇಳಿ ಹಾಕೋ ಅರ್ಜಿಗಳೆಲ್ಲ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ಹೋಗತ್ತೆ. ಅಲ್ಲಿ ಹುಡುಕಿ ಸಿಕ್ಕಿದಷ್ಟು ಇಳಿಸಿಕೊಂಡ್ವಿ, ಸಿಗದಿದ್ದಕ್ಕೆ ಆರ್‌ಟಿಐ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು, ಆದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಬೇರೆ. ಹಾಗಾಗಿ ಎಲ್ಲ ಒಂದೇ ಕಾಗದದಲ್ಲಿ ತುರುಕಬೇಡಿ, ಡಿಪಿಆರ್‌ಗೆ (ಯೋಜನೆಯ ಪೂರ್ತಿ ವಿವರ ಇರೋ ವರದಿ) ಒಂದು, ಮರ ಎಣಿಕೆ ಪಟ್ಟಿಗೆ ಒಂದು, ಜಂಟಿ ಸ್ಥಳ ಪರಿಶೀಲನೆ ವರದಿಗೆ ಒಂದು, ಹೀಗೆ ಬೇರೆ ಬೇರೆ ಹಾಕಿ. ಮಾಹಿತಿ ಕೊಡಲ್ಲ ಅಂದ್ರೆ ಅಥವಾ ಸುಮ್ಮನೆ ಕೂತ್ರೆ ಮೊದಲನೇ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ, ಆಮೇಲೆ ಮಾಹಿತಿ ಆಯೋಗಕ್ಕೆ. ನಮಗೆ ಡಿಪಿಆರ್ ಸಿಕ್ಕಿದ್ದು ಮೇಲ್ಮನವಿಯಲ್ಲೇ.

ಡಿಪಿಆರ್ ಕೈಗೆ ಬಂದಮೇಲೆ ಕಥೆ ಸ್ಪಷ್ಟ ಆಯ್ತು. ಎರಡು ಲೇನ್, ಎರಡೂ ಬದಿ ಟಾರ್ ಹಾಕಿದ ಅಂಚು (ಶೋಲ್ಡರ್), ಒಟ್ಟು 10 ಮೀಟರ್. ಎರಡು ಲೇನ್ ಅಂದ್ರೆ 7 ಮೀಟರ್, ಉಳಿದಿದ್ದು ಬದಿಗೆ. ಅರ್ಜಿಯಲ್ಲಿ ಕೇಳಿದ ಅರಣ್ಯ ಭೂಮಿ ಎಷ್ಟು ಅಂತ ನೋಡಿದ್ರೆ ಹೆಚ್ಚುವರಿ ಅಗಲ ಗುಣಿಸು ಉದ್ದ, ಅಷ್ಟೇ. ನಾಲ್ಕೂವರೆ ಮೀಟರ್ ಅಗಲ ಒಂದು ಕಿಲೋಮೀಟರಿಗೆ ಲೆಕ್ಕ ಹಾಕಿದ್ರೆ 4,500 ಚದರ ಮೀಟರ್, ಅಂದ್ರೆ ಎಕರೆಗಿಂತ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಏನೂ ಅಲ್ಲ ಅನ್ಸತ್ತೆ. ಆದ್ರೆ ಘಟ್ಟದಲ್ಲಿ ರಸ್ತೆ ಸಮತಟ್ಟು ನೆಲದ ಮೇಲೆ ಇರಲ್ಲ. ಒಂದು ಕಡೆ ಧರೆ, ಅಂದ್ರೆ ಗೋಡೆ ಥರ ನಿಂತ ಗುಡ್ಡದ ಬದಿ, ಇನ್ನೊಂದು ಕಡೆ ಇಳಿಜಾರು. ಕೆಳಗೆ ನಾಲ್ಕೂವರೆ ಮೀಟರ್ ಬೇಕು ಅಂದ್ರೆ ಧರೆಯನ್ನ ಮೇಲಿನ ತನಕ ಕಡಿಯಬೇಕು, ಕಡಿದ ಮಣ್ಣನ್ನ ಎಲ್ಲಾದ್ರೂ ಹಾಕ್ಬೇಕು, ಚರಂಡಿ ಬೇಕು, ತಡೆಗೋಡೆ ಬೇಕು. ಧರೆಯ ಮೇಲೆ ನಿಂತ ಮರಗಳು, ಮಣ್ಣು ಎಸೆಯೋ ಜಾಗದ ಮರಗಳು, ಇವು ಯಾವುದೂ ಎಣಿಕೆಗೇ ಬಂದಿರ್ಲಿಲ್ಲ. ಸರ್ವೆ ಇಲಾಖೇಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ನಮ್ಮ ಜೊತೆ ಬಂದ್ರು, ಟೇಪ್ ಹಿಡ್ಕೊಂಡು ತಿರುವು ತಿರುವಲ್ಲಿ ನಿಂತು ಧರೆಯ ಎತ್ತರ, ಇಳಿಜಾರು ಅಳೆದು ಒಂದು ಪಟ್ಟಿ ಮಾಡಿಕೊಟ್ರು, ಪಕ್ಕದಲ್ಲೇ ಫೋಟೋ, ಲೊಕೇಶನ್. ನಮ್ಮ ಇಡೀ ಆಕ್ಷೇಪಣೆಯಲ್ಲಿ ಅತಿ ಹೆಚ್ಚು ತೂಕ ಬಂದಿದ್ದು ಈ ಪಟ್ಟಿಗೆ, ಯಾಕಂದ್ರೆ ಇದನ್ನ ಯಾರೂ ಭಾವುಕತೆ ಅಂತ ತಳ್ಳಿಹಾಕೋಕೆ ಆಗಲ್ಲ, ಸುಳ್ಳು ಅನ್ಸಿದ್ರೆ ಅವರೇ ಬಂದು ಅಳೀಲಿ.

ಇನ್ನೊಂದು ಸಂಗತಿ, ರಸ್ತೆಯನ್ನ ತುಂಡು ತುಂಡಾಗಿ ಮಾಡಿದ್ರು. ಇದು ನಮ್ಮ ಕಡೆ ಮಾತ್ರ ಅಲ್ಲ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿಲೋಮೀಟರ್, ಅದನ್ನ 53 ಪ್ರಾಜೆಕ್ಟ್ ಅಂತ ಒಡೆದಿದ್ರಿಂದ 100 ಕಿಲೋಮೀಟರ್ ಮೀರಿದ ಹೆದ್ದಾರಿಗೆ ಬೇಕಾದ ಪರಿಸರ ಪರಿಣಾಮ ಅಧ್ಯಯನ ನಡೀಲೇ ಇಲ್ಲ. ಆ ಕೇಸಲ್ಲಿ ಕೊನೆಗೆ ಜಗಳ ನಿಂತಿದ್ದೂ ಅಗಲದ ಮೇಲೇನೇ. ಬೆಟ್ಟದ ರಸ್ತೆಗೆ 5.5 ಮೀಟರ್ ಸಾಕು ಅಂತ ರಸ್ತೆ ಸಾರಿಗೆ ಸಚಿವಾಲಯವೇ 2018ರಲ್ಲಿ ಸುತ್ತೋಲೆ ಹೊರಡಿಸಿತ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಪಾಲಿಸಿ ಅಂತು, ಮರುವರ್ಷ ಡಿಸೆಂಬರಲ್ಲಿ ಗಡಿ ರಕ್ಷಣೆಯ ಕಾರಣಕ್ಕೆ ಅಗಲ ಮಾಡೋಕೆ ಒಪ್ಪಿಗೆ ಕೊಡ್ತು. ನಮ್ಮ ಘಾಟಿಯಲ್ಲಿ ಯಾವ ಗಡಿಯೂ ಇಲ್ಲ, ಸೇನೆಯ ವಾಹನವೂ ಇಲ್ಲ. ಹಾಗಿದ್ದಾಗ ಹಿಮಾಲಯದಲ್ಲಿ ಒಮ್ಮೆ ಸಾಕು ಅನಿಸಿದ ಅಗಲ ಇಲ್ಲಿ ಯಾಕೆ ಸಾಲಲ್ಲ ಅಂತ ನಮ್ಮ ಪತ್ರದಲ್ಲಿ ನೇರವಾಗೇ ಕೇಳಿದ್ವಿ. ಇವತ್ತಿನವರೆಗೂ ಅದಕ್ಕೆ ಉತ್ತರ ಬಂದಿಲ್ಲ.

ಈಗ ಕಾಡಿನ ವಿಷಯಕ್ಕೆ ಬರ್ತೀನಿ. ಹುಲಿ, ಆನೆ ಅಂದ್ರೆ ಜನಕ್ಕೆ ಥಟ್ಟನೆ ಅರ್ಥ ಆಗತ್ತೆ. ನಮ್ಮ ಕಾಡಿನ ಕಷ್ಟ ಏನು ಅಂದ್ರೆ ಇಲ್ಲಿನ ಮುಖ್ಯ ಪ್ರಾಣಿ ನೆಲಕ್ಕೆ ಇಳಿಯೋದೇ ಕಮ್ಮಿ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಕಾಡಲ್ಲಿ ಇಲ್ಲ. ಅದು ಮರದಿಂದ ಮರಕ್ಕೇ ಹೋಗತ್ತೆ, ಉಪ್ಪಾಗೆ ಹಣ್ಣು, ಆಲದ ಜಾತಿಯ ಹಣ್ಣು, ಹೆಬ್ಬಲಸು ತಿನ್ಕೊಂಡು. ವಾಚರ್ ಅಣ್ಣ ಒಂದು ಬೆಳಗ್ಗೆ ನಮ್ಮನ್ನ ಒಂದು ತಿರುವಿನ ಹತ್ರ ಕೂರಿಸಿದ್ರು, ಮಾತಾಡಬೇಡಿ ಅಂದ್ರು. ರಸ್ತೆಯ ಎರಡೂ ಕಡೆಯ ಕೊಂಬೆಗಳು ಮೇಲೆ ಹೆಣೆದುಕೊಂಡಿರೋ ಜಾಗ ಅದು. ಸುಮಾರು ಹೊತ್ತು ಕಾದಮೇಲೆ ಗುಂಪು ಬಂತು. ಮೊದಲು ದೊಡ್ಡ ಗಂಡು ಬಂದು ಕೊಂಬೆ ತುದಿಯಲ್ಲಿ ಕೂತು ಕೆಳಗೆ ನೋಡ್ತು, ಒಂದು ಜೀಪ್ ಹೋಗೋ ತನಕ ಕದಲಲಿಲ್ಲ, ಆಮೇಲೆ ಆಚೆ ಕೊಂಬೆ ಹಿಡೀತು. ಹಿಂದೆ ಹೆಣ್ಣುಗಳು, ಹೊಟ್ಟೆಗೆ ಮರಿ ಕಚ್ಚಿಸ್ಕೊಂಡು. ಎಲ್ಲವೂ ಅದೇ ಕೊಂಬೆ, ಅದೇ ಜಾಗದಲ್ಲಿ ಕೈ. ಆ ಕೊಂಬೆ ಇರೋದು ನಂಬರ್ ಬಿದ್ದ ಹೆಬ್ಬಲಸಿನ ಮರದಲ್ಲಿ. ಆ ಮರ ಹೋಯ್ತು ಅಂದ್ರೆ ಅವು ನೆಲಕ್ಕೆ ಇಳಿದು ರಸ್ತೆ ದಾಟಬೇಕು, ಇಲ್ಲಾಂದ್ರೆ ದಾಟೋದನ್ನೇ ಬಿಡಬೇಕು. ಬಿಟ್ರೆ ಆ ಕಡೆ ಗುಂಪು ಆ ಕಡೆ, ಈ ಕಡೆ ಗುಂಪು ಈ ಕಡೆ, ಕಾಡು ಎರಡು ತುಂಡು. ಹಾರುವ ಓತಿ, ಕೆಂಚಳಿಲು, ಕಾಡುಪಾಪ ಎಲ್ಲದರದ್ದೂ ಇದೇ ಪಾಡು.

ನೆಲದ ಮೇಲಿನದ್ದು ಬೇರೆ. ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಕಪ್ಪೆಗಳು ರಸ್ತೆಗೆ ಬರ್ತವೆ, ಹಿಂದೇನೇ ಹಾವು. ಬೆಳಗಾಗೋದ್ರೊಳಗೆ ಹೋಗಿ ನೋಡಬೇಕು, ತಡ ಆದ್ರೆ ಕಾಗೆ ಎತ್ಕೊಂಡು ಹೋಗಿರತ್ತೆ ಅಥವಾ ಮುಂದಿನ ಗಾಡಿ ಅಳಿಸಿ ಹಾಕಿರತ್ತೆ. ನಾವು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ದಿನಾಂಕ, ಸಮಯ, ಜಾಗ, ಮಳೆ ಇತ್ತೋ ಇಲ್ವೋ ಎಲ್ಲ ಬರೆದಿಟ್ವಿ. ಎರೆಹುಳದ ಹಾಗೆ ಕಾಣೋ ಕಾಲಿಲ್ಲದ ಉಭಯವಾಸಿ, ಸಿಸಿಲಿಯನ್ ಅಂತಾರೆ, ಅದನ್ನ ನಮ್ಮಲ್ಲಿ ಬಹಳ ಜನ ಮೊದಲ ಸಲ ನೋಡಿದ್ದೇ ಟಾರಿಗೆ ಅಂಟಿಕೊಂಡ ಸ್ಥಿತಿಯಲ್ಲಿ. ಅಗಲ ಆದ್ರೆ ಎರಡು ಥರ ಕೆಟ್ಟದ್ದು, ದಾಟಬೇಕಾದ ದೂರ ಜಾಸ್ತಿ ಆಗತ್ತೆ, ಗಾಡಿಗಳ ಸ್ಪೀಡೂ ಜಾಸ್ತಿ ಆಗತ್ತೆ. ಈಗ ಆ ತಿರುವುಗಳಲ್ಲಿ ಎದುರಿಂದ ಗಾಡಿ ಬಂದ್ರೆ ಒಬ್ಬರು ನಿಧಾನ ಮಾಡ್ಲೇಬೇಕು. ಅಪ್ಪಿತಪ್ಪಿ ಉಳ್ಕೊಳ್ಳೋ ಪ್ರಾಣಿಗಳು ಉಳಿಯೋದು ಆ ನಿಧಾನದಿಂದ.

ಊರಿನ ಸಭೆ ಸುಲಭ ಇರ್ಲಿಲ್ಲ. ಗ್ರಾಮಸಭೆಯಲ್ಲಿ ನಾವು ಮಾತಾಡೋಕೆ ಶುರು ಮಾಡ್ತಿದ್ದ ಹಾಗೆ ಹಿಂದಿನ ಸಾಲಿಂದ ಒಬ್ಬರು ಅಕ್ಕ ಎದ್ದು ನಿಂತು "ತಮ್ಮಾ, ನನ್ನ ಸೊಸೆಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಗುಂಡಿಲಿ ಕುಣೀತಾ ಕುಣೀತಾ ಹೋಯ್ತು, ಅವತ್ತು ನಿಮ್ಮ ಸಿಂಗಳೀಕ ಎಲ್ಲಿತ್ತು" ಅಂತ ಕೇಳಿದ್ರು. ಇಡೀ ಸಭೆ ಸುಮ್ಮನಾಯ್ತು. ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಕಾಡು ಉಳಿಸ್ತೀವಿ ಅನ್ನೋರು ಈ ಪ್ರಶ್ನೆಗೆ ಉತ್ತರ ಇಲ್ಲದೆ ಊರಿಗೆ ಹೋಗ್ಲೇಬಾರದು. ನಾನು ಅಂದೆ, ಅಕ್ಕಾ, ಆಂಬುಲೆನ್ಸ್ ಕುಣಿದಿದ್ದು ಗುಂಡಿಯಿಂದ, ಅಗಲ ಸಾಲದೆ ಅಲ್ಲ, ಇವರು ಅಗಲದ ಫೈಲ್ ಓಡಿಸ್ತಾ ಇರೋ ಅಷ್ಟೂ ವರ್ಷ ಗುಂಡಿ ಮುಚ್ಚೋಕೆ ದುಡ್ಡು ಇಡಲ್ಲ, ಹೇಗಿದ್ರೂ ಅಗಲ ಮಾಡ್ತೀವಲ್ಲ ಅಂತಾರೆ. ಆಮೇಲೆ ಸಭೆಯಲ್ಲೇ ಎಲ್ಲೆಲ್ಲಿ ಹೊತ್ತು ಹೋಗತ್ತೆ ಅಂತ ಬಸ್ ಓಡಿಸೋರು, ಪಿಕಪ್ ಓಡಿಸೋರು ಹೇಳ್ತಾ ಹೋದ್ರು. ಮಳೆಗಾಲದಲ್ಲಿ ನೀರು ಉಕ್ಕೋ ಒಂದು ಮೋರಿ, ಧರೆ ಕುಸಿಯೋ ಜಾಗ, ಕಿತ್ತುಹೋದ ಡಾಂಬರು, ಎದುರು ಕಾಣದ ಒಂದೆರಡು ತಿರುವು. ಇದ್ಯಾವುದಕ್ಕೂ ಹತ್ತು ಮೀಟರ್ ಬೇಡ. ಕೊನೆಗೆ ಠರಾವು ಆಗಿದ್ದು ಹೀಗೆ: ಇರೋ ಅಗಲದಲ್ಲೇ ರಸ್ತೆ ಗಟ್ಟಿ ಮಾಡಿ, ಮೋರಿ ದೊಡ್ಡದು ಮಾಡಿ, ಅಲ್ಲಲ್ಲಿ ಗಾಡಿ ಸೈಡ್ ಕೊಡೋ ಜಾಗ ಮಾಡಿ, ಕಾಡಿನ ಮರ ಮುಟ್ಟಬೇಡಿ. ಮೋರಿ ದೊಡ್ಡದಾದ್ರೆ ಅದರೊಳಗೆ ಬೇಸಿಗೆಯಲ್ಲಿ ಪ್ರಾಣಿಗಳೂ ದಾಟ್ತವೆ, ಅಂದ್ರೆ ಊರಿಗೆ ಬೇಕಾದ್ದೂ ಕಾಡಿಗೆ ಬೇಕಾದ್ದೂ ಅಲ್ಲಿ ಒಂದೇ ಆಗಿತ್ತು. ಆ ಅಕ್ಕನೂ ಸಹಿ ಹಾಕಿದ್ರು.

ಗ್ರಾಮಸಭೆ ಠರಾವಿಗೆ ಕಾನೂನಲ್ಲಿ ಎಷ್ಟು ಬಲ ಅಂತ ಕೇಳ್ತೀರಿ. ರಸ್ತೆ, ಕಾಲುವೆ, ಪೈಪ್‌ಲೈನ್ ಥರದ ಉದ್ದುದ್ದ ಯೋಜನೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆ ಒಪ್ಪಿಗೆ ಬೇಡ ಅಂತ ಪರಿಸರ ಸಚಿವಾಲಯ 2013ರಲ್ಲೇ ಸುತ್ತೋಲೆ ಹೊರಡಿಸಿ ವಿನಾಯಿತಿ ಕೊಟ್ಟಿದೆ. ಇದು ದೊಡ್ಡ ಅನ್ಯಾಯ ಅಂತ ನಾನು ಈಗ್ಲೂ ಹೇಳ್ತೀನಿ, ಕಾಡಿನ ಜೊತೆ ಬದುಕೋರನ್ನ ಬಿಟ್ಟು ಇನ್ಯಾರನ್ನ ಕೇಳ್ತಾರೆ ಇವರು. ಆದ್ರೂ ಠರಾವು ಮಾಡ್ಸಿ. ಮುಂದೆ ಪ್ರತಿ ಮೇಜಿನ ಮೇಲೂ "ಸ್ಥಳೀಯರ ಬೇಡಿಕೆ ಇದೆ" ಅನ್ನೋ ಒಂದು ಸಾಲು ಬಂದೇ ಬರತ್ತೆ, ಅದರ ಎದುರು ಇಡೋಕೆ ಆ ಕಾಗದ ಬೇಕು.

ಇನ್ನು ವನ್ಯಜೀವಿ ಕಾಯ್ದೆ. 1972ರ ಕಾಯ್ದೆಯ 29ನೇ ಸೆಕ್ಷನ್ ಎಲ್ಲರೂ ಒಂದ್ಸಲ ಓದಬೇಕು. ಅಭಯಾರಣ್ಯದಲ್ಲಿ ವನ್ಯಜೀವಿಗಳ ನೆಲೆ ಹಾಳು ಮಾಡೋಕೆ, ಬೇರೆಯದಕ್ಕೆ ತಿರುಗಿಸೋಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪರ್ಮಿಟ್ ಬೇಕು, ಮತ್ತೆ ಆ ಕೆಲಸ ವನ್ಯಜೀವಿಗಳ ಸುಧಾರಣೆಗೆ, ಒಳ್ಳೇ ನಿರ್ವಹಣೆಗೆ ಅಗತ್ಯ ಅಂತ ಸರ್ಕಾರಕ್ಕೆ ಮನವರಿಕೆ ಆಗದೆ ಆ ಪರ್ಮಿಟ್ ಕೊಡೋ ಹಾಗಿಲ್ಲ. ರಾಷ್ಟ್ರೀಯ ಉದ್ಯಾನಕ್ಕೆ ಇದೇ ಥರದ್ದು 35ನೇ ಸೆಕ್ಷನಲ್ಲಿದೆ. ರಸ್ತೆ ಅಗಲ ಮಾಡೋದ್ರಿಂದ ಸಿಂಗಳೀಕಕ್ಕೆ ಯಾವ ಸುಧಾರಣೆ ಅಂತ ಕೇಳಿ ನಾವು ಒಂದು ಪತ್ರ ಬರೆದ್ವಿ, ಒಂದೇ ಪುಟ, ಸೆಕ್ಷನ್ನಿನ ಪ್ರತಿ ಲಗತ್ತಿಸಿ. ಫೈಲ್ ಹೋಗೋ ದಾರಿ ಹೀಗೆ: ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಹತ್ರದಿಂದ ಸಿಸಿಎಫ್ (ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ), ಅಲ್ಲಿಂದ ಮುಖ್ಯ ವನ್ಯಜೀವಿ ಪರಿಪಾಲಕರು, ಆಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರೋ ರಾಜ್ಯ ವನ್ಯಜೀವಿ ಮಂಡಳಿ, ಕೊನೆಗೆ ದೆಹಲಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ, ಅದಕ್ಕೆ ಕೇಂದ್ರ ಪರಿಸರ ಸಚಿವರು ಅಧ್ಯಕ್ಷರು. ಎಷ್ಟೋ ಜನ ಕೊನೇ ಮೆಟ್ಟಿಲಿಗೆ ಹೋಗಿ ಕೂಗ್ತಾರೆ. ಸ್ಥಳದ ವಾಸ್ತವ ಬರೆಯೋದು ಮೊದಲನೇ ಮೆಟ್ಟಿಲಲ್ಲಿ. ಸ್ಥಳ ಪರಿಶೀಲನೆ ವರದಿಯಲ್ಲಿ ಸಿಂಗಳೀಕ ಇದೆ ಅಂತ ಬರೆದ್ರೆ ಮೇಲಿನೋರು ಅದನ್ನ ದಾಟಿ ಹೋಗೋದು ಕಷ್ಟ, ಬರೀದೇ ಬಿಟ್ರೆ ಮೇಲೆ ಕೂತೋರಿಗೆ ಅಲ್ಲಿ ಏನಿದೆ ಅಂತಾನೇ ತಿಳಿಯಲ್ಲ. ನಮ್ಮ ಫೋಟೋ, ಪಟ್ಟಿ, ಠರಾವು ಎಲ್ಲ ಆ ಮಟ್ಟದಲ್ಲೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಂಡ್ವಿ. ಒಂದು ಆಫೀಸಲ್ಲಿ "ನಿಮಗೇನು ಅಧಿಕಾರ ಇದೆ" ಅಂತ ಜೋರು ಮಾಡಿದ್ರು, ಇನ್ನೊಂದು ಕಡೆ ಒಬ್ಬ ಕಿರಿಯ ಅಧಿಕಾರಿ ಬಾಗಿಲು ಹಾಕ್ಕೊಂಡು "ನೀವು ಕೊಟ್ಟಿದ್ದು ಒಳ್ಳೇದಾಯ್ತು, ನಾವೇ ಬರೆದ್ರೆ ನಮ್ಮನ್ನ ಎತ್ತಂಗಡಿ ಮಾಡ್ತಾರೆ, ಸಾರ್ವಜನಿಕರ ಅರ್ಜಿ ಬಂದಿದೆ ಅಂದ್ರೆ ಬರೆಯೋಕೆ ನಮಗೂ ಧೈರ್ಯ" ಅಂದ್ರು. ಇಲಾಖೆ ಒಳಗೆ ಕಾಡಿನ ಪರ ಇರೋರು ಇದ್ದಾರೆ, ಅವರ ಕೈಗೆ ಕಾಗದ ಕೊಡೋದು ನಮ್ಮ ಕೆಲಸ.

ಕೋರ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಸಿರು ನ್ಯಾಯಮಂಡಳಿಗೆ ಹೋಗಿ ಅಂತ ಎಲ್ರೂ ಸಲಹೆ ಕೊಡ್ತಾರೆ. ಆ ನ್ಯಾಯಮಂಡಳಿ ಯಾವ ಕಾಯ್ದೆಗಳ ಕೇಸ್ ಕೇಳಬಹುದು ಅಂತ 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಅರಣ್ಯ ಸಂರಕ್ಷಣೆ ಕಾಯ್ದೆ ಇದೆ, ಪರಿಸರ ಸಂರಕ್ಷಣೆ ಕಾಯ್ದೆ ಇದೆ, ಜೀವವೈವಿಧ್ಯ ಕಾಯ್ದೆ ಇದೆ, ಆದ್ರೆ ವನ್ಯಜೀವಿ ಕಾಯ್ದೆ ಇಲ್ಲ. ಹಾಗಾಗಿ ನಿಮ್ಮ ವಾದ ಪೂರ್ತಿ 29ನೇ ಸೆಕ್ಷನ್ ಮೇಲೆ ನಿಂತಿದ್ರೆ ಹೈಕೋರ್ಟಿಗೆ ಹೋಗೋದೇ ಸರಿ ಅಂತ ನಮಗೆ ವಕೀಲರು ಹೇಳಿದ್ರು. ರಿಟ್ ಅರ್ಜಿ ತಯಾರಾಗಿದೆ, ಹಾಕಿಲ್ಲ, ವನ್ಯಜೀವಿ ಮಂಡಳಿ ತೀರ್ಮಾನ ಬರದೆ ಹಾಕಿದ್ರೆ ಅವಧಿಗೆ ಮುಂಚೆ ಬಂದಿದೀರಿ ಅಂತ ವಾಪಸ್ ಕಳಿಸಬಹುದು.

ಸಭೆಗಳಲ್ಲಿ ಬಂಡೀಪುರದ ಮಾತು ಬರದೇ ಇರ್ಲಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ರು, 2010ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು, ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ವಿನಾಯಿತಿ. ಮೇಲ್ಸೇತುವೆ ಕಟ್ಟಿ ರಾತ್ರಿ ಗಾಡಿ ಬಿಡೋಣ ಅಂತ 2018ರಲ್ಲಿ ಪ್ರಸ್ತಾವನೆ ಬಂದಾಗ ರಾಜ್ಯದ ತುಂಬ ಜನ ಬೀದಿಗೆ ಇಳಿದ್ರು. ಆ ನಿರ್ಬಂಧ ಬಂದು ಇಷ್ಟು ವರ್ಷ ಆದ್ರೂ ಗುಂಡ್ಲುಪೇಟೆ ಮುಳುಗಿಲ್ಲ, ವಯನಾಡೂ ಮುಳುಗಿಲ್ಲ, ಜನ ಬೇರೆ ದಾರಿ, ಬೇರೆ ಹೊತ್ತು ನೋಡ್ಕೊಂಡಿದ್ದಾರೆ. ಪ್ರಾಜೆಕ್ಟ್ ಪರ ಇದ್ದೋರು ಮಧ್ಯ ಭಾರತದ ಪೆಂಚ್ ಹುಲಿ ಕಾಡನ್ನ ತೋರಿಸಿದ್ರು. ಅಲ್ಲಿ 44ನೇ ಹೆದ್ದಾರಿಯ ಕೆಳಗೆ ಪ್ರಾಣಿಗಳಿಗೆ ಅಂಡರ್‌ಪಾಸ್ ಕಟ್ಟಿದ್ದಾರೆ, ಅತಿ ಉದ್ದದ್ದು 750 ಮೀಟರ್, ಹುಲಿಗಳೂ ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ನಿಜ, ಅದು ಒಳ್ಳೇ ಕೆಲಸ, ಅಲ್ಲಗಳೆಯಲ್ಲ. ಆದ್ರೆ ಅದು ಬಯಲು ಸೀಮೆಯ ಎಲೆ ಉದುರೋ ಕಾಡು, ನೆಲದ ಮೇಲೆ ನಡೆಯೋ ಪ್ರಾಣಿ. ಮರದ ತುದಿಯಲ್ಲಿ ಬದುಕೋ ಸಿಂಗಳೀಕ ಅಂಡರ್‌ಪಾಸಲ್ಲಿ ದಾಟಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆ ಮೇಲೆ ಹಗ್ಗ, ಕ್ಯಾನ್ವಾಸ್ ಸೇತುವೆ ಕಟ್ಟಿದ್ದಾರೆ, ಸಿಂಗಳೀಕಗಳು ಬಳಸ್ತಾವೂ ಹೌದು, ಆದ್ರೆ ಅದು ಈಗಾಗ್ಲೇ ಮರ ಹೋಗಿರೋ ಟೀ ತೋಟಗಳ ನಡುವಿನ ಕಾಡಿಗೆ ಮಾಡಿದ ಉಪಾಯ. ಇರೋ ಕೊಂಬೆ ಕಡಿದು ಆಮೇಲೆ ಹಗ್ಗ ಕಟ್ಟಿಕೊಡ್ತೀವಿ ಅನ್ನೋದನ್ನ ನಾನಂತೂ ಒಪ್ಪಲ್ಲ. ಕಡಿದ ಮರಕ್ಕೆ ಬದಲಾಗಿ ಬೇರೆ ಎಲ್ಲೋ ಗಿಡ ನೆಡ್ತೀವಿ ಅನ್ನೋದನ್ನೂ ಒಪ್ಪಲ್ಲ, ಆ ಗಿಡ ರಸ್ತೆ ಮೇಲೆ ಕೊಂಬೆ ಚಾಚಲ್ಲ.

ಈಗ ಎಲ್ಲಿದೆ ಅಂದ್ರೆ, ಮರ ಎಣಿಕೆ ಪೂರ್ತಿ ಆಗಿಲ್ಲ, ಧರೆ ಕಡಿಯೋ ಜಾಗ ಮತ್ತು ಮಣ್ಣು ಹಾಕೋ ಜಾಗ ಸೇರಿಸಿ ಮತ್ತೆ ಲೆಕ್ಕ ಕೊಡಿ, ಅಗಲ ಮಾಡದೆ ಬೇರೆ ಏನು ಸಾಧ್ಯ ಅಂತಾನೂ ಬರೀರಿ ಅಂತ ಹೇಳಿ ಪ್ರಸ್ತಾವನೆಯನ್ನ ಅರ್ಜಿ ಹಾಕಿದೋರಿಗೇ ವಾಪಸ್ ಕಳಿಸಿದ್ದಾರೆ. ತಿರಸ್ಕಾರ ಅಲ್ಲ ಇದು, ಪರಿಷ್ಕೃತ ಅರ್ಜಿ ಯಾವಾಗ ಬೇಕಾದ್ರೂ ಬರಬಹುದು. ಈ ಮಧ್ಯೆ ಠರಾವು ಹಿಡ್ಕೊಂಡು ಊರಿನೋರೇ ಬೆನ್ನು ಬಿದ್ದಿದ್ರಿಂದ ಇರೋ ಅಗಲದಲ್ಲೇ ಡಾಂಬರು ಹಾಕೋ ಟೆಂಡರ್ ಆಗಿ ಅರ್ಧ ಕೆಲಸ ಮುಗಿದಿದೆ, ನೀರು ಉಕ್ಕೋ ಮೋರಿಗೆ ಅಳತೆ ತಗೊಂಡು ಹೋಗಿದ್ದಾರೆ. ನಮ್ಮಲ್ಲಿ ಇಬ್ಬರು ಪರಿವೇಷ್ ನೋಡೋ ಕೆಲಸ ಹಂಚಿಕೊಂಡಿದ್ದಾರೆ, ಮಂಡಳಿ ಸಭೆಯ ಅಜೆಂಡಾ ಬಂದ ತಕ್ಷಣ ಇಳಿಸಿಕೊಳ್ಳೋಕೆ, ಉಳಿದೋರು ಮುಂಗಾರು ಶುರುವಾಗ್ತಿದ್ದ ಹಾಗೆ ಮತ್ತೆ ಬೆಳಗಿನ ಜಾವದ ಎಣಿಕೆಗೆ ಇಳೀತೀವಿ, ಹೋದ ಮಳೆಗಾಲದ ಪಟ್ಟಿ ಪಕ್ಕದಲ್ಲಿ ಈ ಮಳೆಗಾಲದ್ದೂ ಇಡಬೇಕು. ನಿಮ್ಮ ಕಡೆ ರಸ್ತೆ ಬದಿಯ ಕಾಡುಮರಕ್ಕೆ ನಂಬರ್ ಬಿದ್ದಿದ್ರೆ ಟೆಂಡರ್ ಆಗೋಕೆ ಮೊದಲೇ ಡಿಪಿಆರ್ ಕೇಳಿ.